ತೂಬಿನ ತಿರುಗಣೆಯೂ ವ್ಯೋಮನೌಕೆಯ ಹಿಡಿಯೂ

ಹೊಸನಗರದ ಸೀಮೆಯ ಬಿಲ್ಲೇಶ್ವರದಲ್ಲಿ ಹುಟ್ಟಿ, ಶಿಕಾರಿಪುರದ ನೆಲವನ್ನು ತೋಯಿಸುತ್ತ ಹರಿದು ತುಂಗಭದ್ರೆಯನ್ನು ಸೇರುವ ಕುಮುದ್ವತಿಯು ನಮ್ಮ ಅಂಜನಾಪುರದ ಕಟ್ಟೆಯನ್ನು ತುಂಬಿ ಕೋಡಿ ಬಿದ್ದಿದ್ದ ಒಂದು ಶ್ರಾವಣದ ಸಂಜೆ, ಅಂಗಳಕ್ಕೆ ಇಳಿಯುವುದಕ್ಕೂ ಮಳೆ ಎಡೆಗೊಡದೆ ಇದ್ದಾಗ, ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗನು ಎರಡು ಯಂತ್ರಗಳನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಬರವಣಿಗೆಯ ಮೇಜಿನ ಮೇಲೆ ಇರಿಸಿದನು. ಒಂದು, ಬಲಗೈಯ ಮುಷ್ಟಿಗೆ ಒಪ್ಪುವಂತೆ ಕಡೆದ, ನಾಲ್ಕು ದಿಕ್ಕಿಗೂ ಬಾಗುವ ದಂಡ. ಇನ್ನೊಂದು, ಎಡಗೈಯಿಂದ ಮುಂದಕ್ಕೂ ಹಿಂದಕ್ಕೂ ಜರುಗಿಸತಕ್ಕ ಹಿಡಿ. ಮೊದಲನೆಯದನ್ನು ಸ್ಟಿಕ್ ಎಂದೂ ಎರಡನೆಯದನ್ನು ಥ್ರಾಟಲ್ ಎಂದೂ ಅವನು ಕರೆದನು. ಗಣಕದ ಪರದೆಯ ಮೇಲೆ ನಕ್ಷತ್ರಗಳ ನಡುವೆ ನೌಕೆಯನ್ನು ನಡೆಸುವ ಆಟಕ್ಕೆ ಇವೆರಡೂ ಸಾಧನಗಳು. ಅರ್ಧ ಗಂಟೆಯೊಳಗೆ ನೌಕೆಯು ನಿಲ್ದಾಣದ ಗೋಡೆಗೆ ಮೂರು ಸಲ ಅಪ್ಪಳಿಸಿತು. ಹುಡುಗನು ತನ್ನ ಕೈಯೇ ಇದಕ್ಕೆ ಒಗ್ಗದೆಂದು ಬೇಸರಗೊಂಡನು. ಕೈಯಲ್ಲಿ ದೋಷವಿರಲಿಲ್ಲ, ಯಂತ್ರಕ್ಕೆ ಆ ಕೈಯ ಪರಿಚಯವನ್ನು ಯಾರೂ ಮಾಡಿಕೊಟ್ಟಿರಲಿಲ್ಲ. ಆ ಪರಿಚಯವನ್ನು ಮಾಡಿಸಲು ನಮಗೆ ನಾಲ್ಕು ದಿನಗಳು ಹಿಡಿದವು.

ಈ ಬಗೆಯ ಆಟಗಳಿಗೆ ನಲವತ್ತು ವರ್ಷಗಳಿಗೆ ಮೀರಿದ ವಂಶಾವಳಿ ಉಂಟು. ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ತರುಣರು 1984ರಲ್ಲಿ, ಕೇವಲ 32 ಕಿಲೋಬೈಟ್ ಸ್ಮೃತಿಯಿದ್ದ ಬಿ.ಬಿ.ಸಿ. ಮೈಕ್ರೋ ಗಣಕದಲ್ಲಿ, ಬರಿಯ ಗೆರೆಗಳಿಂದ ನೌಕೆಗಳನ್ನೂ ನಿಲ್ದಾಣಗಳನ್ನೂ ಚಿತ್ರಿಸಿ ‘ಎಲೀಟ್’ ಎಂಬ ಆಟವನ್ನು ರಚಿಸಿದರು. ಅದರ ಸಂತತಿಯಾದ ‘ಎಲೀಟ್ ಡೇಂಜರಸ್’ 2014ರ ಡಿಸೆಂಬರಿನಲ್ಲಿ ಹೊರಬಂದಿತು. ನಮ್ಮ ಕ್ಷೀರಪಥದ ಸುಮಾರು 40,000 ಕೋಟಿ ನಕ್ಷತ್ರವ್ಯವಸ್ಥೆಗಳನ್ನು ನಿಜಪ್ರಮಾಣದಲ್ಲಿಯೇ ಅಳವಡಿಸಿದ ಆಟವದು. ಹುಡುಗನು ಆಡುತ್ತಿದ್ದುದು ಇದನ್ನೇ.

ಬೈಗಿನ ಹೊತ್ತು ಸೊರಬದ ಗುಡವಿಯ ಕೆರೆಯ ದಂಡೆಯಲ್ಲಿ ನಿಂತು, ಬಿಳಿ ಕೆಂಬರಲುಗಳು ಮರಕ್ಕೆ ಮರಳುವುದನ್ನು ನೋಡಿದವರು, ಹಕ್ಕಿಯು ಕೊಂಬೆಯನ್ನು ಸಮೀಪಿಸಿದೊಡನೆ ರೆಕ್ಕೆಗಳನ್ನು ಹರವಿ, ಎದೆಯನ್ನು ಮೇಲಕ್ಕೆತ್ತಿ, ಗಾಳಿಯನ್ನೇ ಗೋಡೆಯಾಗಿ ಮಾಡಿಕೊಂಡು ವೇಗವನ್ನು ಕಳೆದುಕೊಳ್ಳುವ ಸೊಗಸನ್ನು ಬಲ್ಲರು. ವಿಮಾನವೂ ಗಾಳಿಯ ಋಣದಲ್ಲಿಯೇ ಹಾರುತ್ತದೆ, ತಿರುಗುತ್ತದೆ, ನಿಧಾನಿಸುತ್ತದೆ. ಅಂತರಿಕ್ಷದಲ್ಲಿ ಆ ಗೋಡೆಯಿಲ್ಲ. ಒಮ್ಮೆ ಪಡೆದ ವೇಗವನ್ನು ನೌಕೆಯು ತಾನಾಗಿ ಬಿಡುವುದಿಲ್ಲವಾದುದರಿಂದ, ಎಷ್ಟು ತಳ್ಳಿದ್ದೇವೆಯೋ ಅಷ್ಟನ್ನೇ ಎದುರು ದಿಕ್ಕಿಗೆ ತಳ್ಳಿದ ಹೊರತು ಅದು ನಿಲ್ಲದು. ಮೂತಿಯನ್ನು ಎತ್ತ ತಿರುಗಿಸಿದರೂ ಸಾಗುತ್ತಿದ್ದ ದಾರಿಯಲ್ಲಿಯೇ ಸಾಗುತ್ತಿರುತ್ತದೆ. ಹೀಗಾಗಿ ನೌಕೆಗೆ ಆರು ಬಗೆಯ ಚಲನೆಗಳು ಬೇಕಾಗುತ್ತವೆ: ಮೂತಿಯನ್ನು ಏರಿಳಿಸುವುದು, ಪಕ್ಕಕ್ಕೆ ಉರುಳುವುದು, ಎಡಬಲಕ್ಕೆ ಮುಖ ತಿರುಗಿಸುವುದು ಎಂಬ ಮೂರು ಭ್ರಮಣಗಳು; ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಎಂಬ ಮೂರು ಸ್ಥಾನಾಂತರಗಳು. ಸ್ಟಿಕ್ಕನ್ನು ಮುಂದಕ್ಕೂ ಪಕ್ಕಕ್ಕೂ ಬಾಗಿಸಿ, ಕಡಗೋಲಿನಂತೆ ತಿರುಚಿದರೆ ಭ್ರಮಣಗಳು ಮೂರೂ ಕೈವಶವಾಗುತ್ತವೆ. ಥ್ರಾಟಲ್ ಕೊಡುವುದು ಮುಂದೆ ಹಿಂದಿನ ಚಲನೆಯೊಂದನ್ನೇ. ಉಳಿದವುಗಳನ್ನು ಥ್ರಾಟಲಿನ ಹೆಬ್ಬೆರಳಿನ ಬಳಿ ಇರುವ ಚಿಕ್ಕ ಗುಂಡಿಗೋ ತಿರುಗಣೆಗೋ ವಹಿಸಬೇಕು. ಕೆಲವರು ಥ್ರಾಟಲನ್ನೇ ತ್ಯಜಿಸಿ ಎಡಗೈಗೂ ಒಂದು ಸ್ಟಿಕ್ಕನ್ನು ಹಿಡಿಯುವುದುಂಟು.

ಭ್ರಮಣವನ್ನು ಬಲಗೈಗೂ ಸ್ಥಾನಾಂತರವನ್ನು ಎಡಗೈಗೂ ಹಂಚುವ ಈ ಕ್ರಮವು ಆಟಗಾರರ ಕಲ್ಪನೆಯಲ್ಲ. ಚಂದ್ರನ ಮೇಲಿಳಿದ ಅಪೊಲೊ ನೌಕೆಗಳಲ್ಲಿ ಇದೇ ಏರ್ಪಾಡು ಇದ್ದಿತು. ಸೋಯುಜ್ ನೌಕೆಯಲ್ಲಿಯೂ ಚಾಲಕನ ಎಡಬಲಗಳಲ್ಲಿ ಇಂಥ ಎರಡು ಹಿಡಿಗಳುಂಟು. 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಮೇಲೇರಿ ವ್ಯೋಮವನ್ನು ಕಂಡ ಪ್ರಥಮ ಭಾರತೀಯರಾದ ರಾಕೇಶ್ ಶರ್ಮ ಅವರು, ಮುಂದೆ ಬೆಂಗಳೂರಿನ ಎಚ್.ಎ.ಎಲ್. ಸಂಸ್ಥೆಯಲ್ಲಿ ವಿಮಾನಗಳ ಪರೀಕ್ಷಾ ಚಾಲಕರಾಗಿದ್ದರೆಂಬುದನ್ನು ನಾನು ಹುಡುಗನಿಗೆ ಹೇಳಿದಾಗ, ಮೇಜಿನ ಮೇಲಿದ್ದ ಹಿಡಿಗಳನ್ನು ಅವನು ಹೊಸ ಗೌರವದಿಂದ ನೋಡಿದನು.

ಮೊದಲನೆಯ ದಿನವೆಲ್ಲ ಕೂರುವ ಭಂಗಿಗೇ ಕಳೆಯಿತು. ಮೇಜಿನ ಮೇಲಿಟ್ಟ ಸ್ಟಿಕ್ಕನ್ನು ಹಿಡಿಯಲು ಭುಜವನ್ನೆತ್ತಬೇಕಾಗುತ್ತಿತ್ತು. ಭುಜ ಎತ್ತಿದ ಕೈಯಿಂದ ಸೂಕ್ಷ್ಮಕಾರ್ಯ ಸಾಧ್ಯವಿಲ್ಲ. ಸೊರಬದ ಗುಡಿಗಾರರು ಗಂಧದ ಕೊರಡನ್ನು ಕೆತ್ತುವಾಗ ಮುಂಗೈಗೆ ಆಸರೆ ಕೊಟ್ಟುಕೊಂಡು ಬೆರಳುಗಳಿಂದಲೇ ಉಳಿಯನ್ನು ನಡೆಸುವುದನ್ನು ಬಾಲ್ಯದಿಂದ ನೋಡಿದ್ದ ನನಗೆ ಇದು ತಟ್ಟನೆ ಹೊಳೆಯಿತು. ಕುರ್ಚಿಯ ಎರಡು ತೋಳುಗಳಿಗೆ ಹಲಗೆಗಳನ್ನು ಬಿಗಿದು, ಮೊಣಕೈ ಊರಿದಾಗ ಮುಂಗೈ ನೆಲಕ್ಕೆ ಸಮಾಂತರವಾಗುವಂತೆ ಯಂತ್ರಗಳನ್ನು ಕೆಳಕ್ಕಿಳಿಸಿ, ಅಲುಗದಂತೆ ತಿರುಪುಗಳಿಂದ ಭದ್ರಪಡಿಸಿದೆವು. ಅಲುಗುವ ಬುಡದ ಮೇಲೆ ಎಂಥ ಬೆಲೆಬಾಳುವ ಯಂತ್ರವಿದ್ದರೂ ವ್ಯರ್ಥ. ಕೈಗೆ ಒಂದಿಷ್ಟು ಎದುರೊತ್ತೂ ಬೇಕು, ಒಂದಿಷ್ಟು ಚಲನೆಯೂ ಬೇಕು: ಅಮೆರಿಕದ ಎಫ್-16 ವಿಮಾನದಲ್ಲಿ ಮೊದಮೊದಲು ಸ್ವಲ್ಪವೂ ಕದಲದೆ, ಕೈಯ ಒತ್ತಡವನ್ನು ಮಾತ್ರ ಅಳೆಯುವ ದಂಡವನ್ನು ಇಟ್ಟಿದ್ದರು, ಅದು ಚಾಲಕರಿಗೆ ಒಗ್ಗದೆ ಹೋದುದರಿಂದ ಆಮೇಲೆ ಕೊಂಚ ಅಲುಗುವಂತೆ ಮಾಡಬೇಕಾಯಿತು.

ಎರಡನೆಯ ದಿನ ಒಂದು ವಿಚಿತ್ರವನ್ನು ಕಂಡೆವು. ಯಾರೂ ಮುಟ್ಟದೆ ಇದ್ದಾಗಲೂ ನೌಕೆಯ ಮೂತಿ ಮೆಲ್ಲಮೆಲ್ಲನೆ ಎಡಕ್ಕೆ ವಾಲುತ್ತಿತ್ತು. ಇದರ ಕಾರಣವು ಸ್ಟಿಕ್ಕಿನ ಬುಡದಲ್ಲಿ ಬಾಗುವಿಕೆಯನ್ನು ಅಳೆಯುವ ಅಂಗದಲ್ಲಿದೆ. ಅಗ್ಗದ ಯಂತ್ರಗಳಲ್ಲಿ ಅದು ಹಳೆಯ ರೇಡಿಯೋದ ಧ್ವನಿಯ ತಿರುಗಣೆಯಂತೆ, ಒಂದು ಪಟ್ಟಿಯ ಮೇಲೆ ಉಜ್ಜುತ್ತ ಸಾಗುವ ಲೋಹದ ನಾಲಗೆ. ಕಾಲಕ್ರಮದಲ್ಲಿ ಸವೆದು, ಧೂಳು ಸೇರಿ, ಸಂಖ್ಯೆಗಳು ನಡುಗತೊಡಗುತ್ತವೆ. ಉತ್ತಮ ಯಂತ್ರಗಳಲ್ಲಿ ಒಂದು ಪುಟ್ಟ ಅಯಸ್ಕಾಂತವೂ ಅದರ ಕ್ಷೇತ್ರವನ್ನು ದೂರದಿಂದಲೇ ಅರಿಯುವ ಸಂವೇದಕವೂ ಇರುತ್ತವೆ. ಎಡ್ವಿನ್ ಹಾಲ್ ಎಂಬ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದಕ್ಕೆ ಆಧಾರ. ಒಂದನ್ನೊಂದು ಮುಟ್ಟದ ಕಾರಣ ಅಲ್ಲಿ ಸವೆತವಿಲ್ಲ. ಈ ವಿಧದ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಎಂಬ ಸ್ಟಿಕ್ಕು ಬಾಗುವ ಎರಡು ಅಕ್ಷಗಳನ್ನೂ ತಲಾ 16,384 ಮೆಟ್ಟಿಲುಗಳಾಗಿ ವಿಭಜಿಸಿ ಓದುತ್ತದೆ. ಅದನ್ನು ಎಡಚರೂ ಹಿಡಿಯಬಹುದೆಂಬುದು ಇನ್ನೊಂದು ಗುಣ. ನಮ್ಮದು ಹಳೆಯ ಬಗೆಯದಾಗಿತ್ತು. ಗಣಕದಲ್ಲಿಯೇ ಇರುವ ಕ್ಯಾಲಿಬ್ರೇಷನ್ ಎಂಬ ವಿಧಾನದಿಂದ ದಂಡವನ್ನು ನಾಲ್ಕು ಅಂಚುಗಳಿಗೂ ಒಯ್ದು ನಡುವಿಗೆ ಬಿಟ್ಟು ‘ಇದು ನಿನ್ನ ತುದಿ, ಇದು ನಿನ್ನ ಶೂನ್ಯ’ ಎಂದು ಯಂತ್ರಕ್ಕೆ ಕಲಿಸಿದೆವು. ಆ ಮೇಲೂ ಉಳಿದ ನಡುಕಕ್ಕೆ ಡೆಡ್ ಝೋನ್ ಉಂಟು. ಎಂದರೆ ನಡುಬಿಂದುವಿನ ಸುತ್ತ, ದಂಡ ಅಲುಗಿದರೂ ಯಂತ್ರವು ಗಣಿಸದೆ ಬಿಡುವ ನಿಶ್ಚೇಷ್ಟ ವಲಯ. ಇದನ್ನು ಧಾರಾಳವಾಗಿ ಕೊಡುವುದು ಹೊಸಬರ ವಾಡಿಕೆ. ವಲಯ ದೊಡ್ಡದಾದಷ್ಟೂ ಕೈಯ ಅತಿ ಸೂಕ್ಷ್ಮವಾದ ಮಾತುಗಳು ಯಂತ್ರದ ಕಿವಿಗೆ ಬೀಳುವುದಿಲ್ಲವಾದುದರಿಂದ, ಶೂನ್ಯದಿಂದ ಆರಂಭಿಸಿ, ಮೂತಿಯ ವಾಲುವಿಕೆ ನಿಂತ ಕ್ಷಣದಲ್ಲಿಯೇ ನಿಲ್ಲಿಸಬೇಕು. ನಮಗೆ ನೂರಕ್ಕೆ ನಾಲ್ಕು ಸಾಕಾಯಿತು. ತಿರುಚುವ ಅಕ್ಷಕ್ಕೆ ಮಾತ್ರ ಇನ್ನೂ ಸ್ವಲ್ಪ ಹೆಚ್ಚು ಕೊಟ್ಟೆವು. ದಂಡವನ್ನು ಹಿಂದಕ್ಕೆಳೆಯುವ ಮಣಿಕಟ್ಟು ಅರಿಯದೆಯೇ ಅದನ್ನು ತುಸು ತಿರುಚಿಬಿಡುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಸೆಳೆದುದು ವಕ್ರರೇಖೆಯ ವಿಚಾರ. ಸಾಮಾನ್ಯವಾಗಿ ದಂಡವನ್ನು ಅರ್ಧ ಬಾಗಿಸಿದರೆ ನೌಕೆಯು ಪೂರ್ಣಬಲದ ಅರ್ಧದಿಂದ ತಿರುಗುತ್ತದೆ, ಇದು ಸರಳರೇಖೆ. ಆದರೆ ಬಾಗಿದ ಅಳತೆಯನ್ನು ಅದರಿಂದಲೇ ಮತ್ತೆರಡು ಸಲ ಗುಣಿಸುವ ಘನರೇಖೆಯನ್ನು ಅಳವಡಿಸಿದರೆ, ಅರ್ಧ ಬಾಗಿಸಿದಾಗ ದೊರೆಯುವುದು ಎಂಟರಲ್ಲಿ ಒಂದು ಪಾಲು, ಕಾಲು ಭಾಗ ಬಾಗಿಸಿದಾಗ ಅರವತ್ತನಾಲ್ಕರಲ್ಲಿ ಒಂದು ಪಾಲು ಮಾತ್ರ. ಪೂರ್ತಿ ಬಾಗಿಸಿದರೆ ಪೂರ್ತಿ ಬಲವೂ ದೊರೆಯುತ್ತದೆ. ನಡುವಿನ ಭಾಗದಲ್ಲಿ ಅಕ್ಕಸಾಲಿಗನ ತಕ್ಕಡಿಯೂ ಅಂಚಿನಲ್ಲಿ ಹೊರೆ ಎತ್ತುವ ಸನ್ನೆಗೋಲೂ ಒಂದೇ ದಂಡದಲ್ಲಿ ನೆಲಸಿದಂತಾಯಿತು. ಶುದ್ಧ ಘನರೇಖೆಯು ನಮ್ಮ ಹುಡುಗನಿಗೆ ತೀರ ಜಡವೆನಿಸಿದುದರಿಂದ ಅದಕ್ಕೂ ಸರಳರೇಖೆಗೂ ನಡುವಣದೊಂದನ್ನು ಆರಿಸಿಕೊಂಡೆವು. ಇಂಥದೇ ಸರಿಯೆಂಬ ಶಾಸ್ತ್ರವಿಲ್ಲ. ದಿನಕ್ಕೊಂದನ್ನೇ ಬದಲಿಸಿ, ಹತ್ತು ಸಲ ನಿಲ್ದಾಣಕ್ಕೆ ಹೋಗಿ ಬಂದು, ಬಳಿಕ ಇನ್ನೊಂದನ್ನು ಮುಟ್ಟಬೇಕು. ಒಂದೇ ಸಂಜೆ ಐದನ್ನು ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ಥ್ರಾಟಲಿನ ಪ್ರಶ್ನೆ ಬೇರೆ ತೆರನದು. ವಿಮಾನದಲ್ಲಿ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದರೆ ಬಲವು ಕನಿಷ್ಠವಾಗುತ್ತದೆ. ನೌಕೆಗೆ ಹಿಂದಕ್ಕೆ ಚಲಿಸುವ ಶಕ್ತಿಯೂ ಇರುವುದರಿಂದ ಶೂನ್ಯವನ್ನು ಎಲ್ಲಿಡಬೇಕೆಂಬುದನ್ನು ನಾವೇ ನಿಶ್ಚಯಿಸಬೇಕಾಗುತ್ತದೆ. ಹಿಡಿಯ ಓಟದ ನಟ್ಟನಡುವೆ ಶೂನ್ಯವನ್ನಿಟ್ಟು ಮುಂದಿನರ್ಧವನ್ನು ಮುನ್ನಡೆಗೂ ಹಿಂದಿನರ್ಧವನ್ನು ಹಿನ್ನಡೆಗೂ ಕೊಡಬಹುದು. ಇಲ್ಲವೆ ಇಡೀ ಓಟವನ್ನು ಮುನ್ನಡೆಗೇ ಮೀಸಲಿಟ್ಟು, ಹಿನ್ನಡೆಗೆ ಒಂದು ಗುಂಡಿಯನ್ನು ಒತ್ತಬಹುದು. ಮೊದಲನೆಯದು ಚಲನೆಯ ಸ್ವಭಾವಕ್ಕೆ ಹತ್ತಿರ. ಆದರೆ ನಡುವಿನಲ್ಲಿ ಬೆರಳಿಗೆ ತಿಳಿಯುವಂಥ ಕಚ್ಚು ಇಲ್ಲದಿದ್ದರೆ ಶೂನ್ಯವೆಲ್ಲಿಯೆಂದು ಕಣ್ಣಿನಿಂದ ಹುಡುಕಬೇಕಾದೀತು. ನಮ್ಮ ಥ್ರಾಟಲಿನಲ್ಲಿ ಕಚ್ಚು ಇರಲಿಲ್ಲವಾದುದರಿಂದ ಎರಡನೆಯದನ್ನೇ ಹಿಡಿದೆವು. ಈ ಆಟದಲ್ಲಿ ಇನ್ನೊಂದು ಸಂಗತಿಯುಂಟು: ವೇಗಸೂಚಿಯ ನಡುವೆ ನೀಲಿಯ ಪಟ್ಟಿಯೊಂದಿದ್ದು, ವೇಗ ಅದರೊಳಗಿದ್ದಾಗಲೇ ನೌಕೆಯು ಅತ್ಯಂತ ಚುರುಕಾಗಿ ತಿರುಗುತ್ತದೆ. ಹುಡುಗನು ಸದಾ ಹಿಡಿಯನ್ನು ತುದಿಗೆ ತಳ್ಳಿ, ನೌಕೆ ತಿರುಗದೆಂದು ದೂರುತ್ತಿದ್ದನು.

ಮಳೆ ಕೊಂಚ ಬಿಟ್ಟ ಮೂರನೆಯ ದಿನ ಅವನನ್ನು ಕಾಲುವೆಯ ಏರಿಯ ಮೇಲೆ ಕರೆದುಕೊಂಡು ಹೋದೆನು. ನೀರುಗಂಟಿಯು ತೂಬಿನ ತಿರುಗಣೆಯನ್ನು ಕಾಲು ಸುತ್ತು ತಿರುಗಿಸಿ, ಕೈಬಿಟ್ಟು, ಏರಿಯ ಮೇಲೆ ಕುಳಿತು ನೀರನ್ನು ನೋಡುತ್ತಿದ್ದನು. ಇಲ್ಲಿ ಬಿಟ್ಟ ನೀರು ಕಾಲುವೆಯ ಕೊನೆಯ ಗದ್ದೆಯನ್ನು ಮುಟ್ಟಲು ಬಹಳ ಹೊತ್ತು ಬೇಕು. ಬರಲಿಲ್ಲವೆಂದು ಆತುರದಿಂದ ಮತ್ತೊಂದು ಸುತ್ತು ತಿರುಗಿಸಿದವನು, ಎರಡು ಸುತ್ತಿನ ನೀರೂ ಒಟ್ಟಿಗೆ ಬಂದಾಗ ಬದುವನ್ನು ಕಳೆದುಕೊಳ್ಳುತ್ತಾನೆ. ಮನೆಗೆ ಬಂದ ಮೇಲೆ ಹುಡುಗನು ಥ್ರಾಟಲನ್ನು ಕೊಂಚ ಜರುಗಿಸಿ, ಕೈಯನ್ನು ಅದರ ಮೇಲೆಯೇ ಇಟ್ಟು, ನೌಕೆಯ ಉತ್ತರಕ್ಕಾಗಿ ಕಾದುದನ್ನು ನೋಡಿದೆನು.

ನೌಕೆಯ ಗಣಕವು ಕೊಡುವ ನೆರವನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂಬುದು ಆಟಗಾರರಲ್ಲಿ ಬಹಳ ಚರ್ಚೆಯ ವಿಷಯ. ಫ್ಲೈಟ್ ಅಸಿಸ್ಟ್ ಎಂಬ ಈ ವ್ಯವಸ್ಥೆಯು, ನಾವು ಕೈಬಿಟ್ಟೊಡನೆ ಎದುರು ದಿಕ್ಕಿನ ಬಲವನ್ನು ತಾನೇ ಪ್ರಯೋಗಿಸಿ ತಿರುಗುವಿಕೆಯನ್ನೂ ಜಾರುವಿಕೆಯನ್ನೂ ಅಳಿಸುತ್ತದೆ. ಇದನ್ನು ಬಳಸುವುದು ಅಪಮಾನವೆಂದು ತಿಳಿದ ಕಿರಿಯರಿಗೆ ನಾನು ತೇಜಸ್ ವಿಮಾನದ ಉದಾಹರಣೆಯನ್ನು ಕೊಡುತ್ತೇನೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಪ್ರಥಮವಾಗಿ ಹಾರಿದ ಆ ವಿಮಾನವನ್ನು ಬೇಕೆಂದೇ ಸ್ವಭಾವತಃ ಅಸ್ಥಿರವಾಗಿ ರಚಿಸಲಾಗಿದೆ. ಅದರಿಂದಲೇ ಅದಕ್ಕೆ ಚುರುಕುತನ. ಚಾಲಕನ ದಂಡವು ರೆಕ್ಕೆಯ ಪಟಗಳನ್ನು ನೇರವಾಗಿ ಎಳೆಯುವುದಿಲ್ಲ. ಅವನ ಕೈಯ ಇಂಗಿತವನ್ನು ನಾಲ್ಮಡಿ ರಕ್ಷಣೆಯ ಗಣಕವ್ಯವಸ್ಥೆಯು ಓದಿ, ವಿಮಾನದ ವೇಗಕ್ಕೂ ಸ್ಥಿತಿಗೂ ತಕ್ಕಂತೆ ಅರ್ಥೈಸಿ, ಅನಂತರ ಪಟಗಳಿಗೆ ಆಜ್ಞೆ ಕೊಡುತ್ತದೆ. ಆ ಅರ್ಥೈಸುವಿಕೆಯ ನಿಯಮಗಳನ್ನು ರೂಪಿಸುವ ಕಾರ್ಯದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿಜ್ಞಾನಿಗಳು ವರ್ಷಗಟ್ಟಲೆ ದುಡಿದರು. ನಾವು ಮೇಜಿನ ಬಳಿ ಕುಳಿತು ಎಳೆದ ವಕ್ರರೇಖೆಯು ಅವರ ಕಾರ್ಯದ ಮುಂದೆ ಅಣುಮಾತ್ರವಾದರೂ ಅದೇ ಜಾತಿಯದು.

ನಾಲ್ಕನೆಯ ಸಂಜೆ ಹುಡುಗನ ನೌಕೆಯು ನಿಲ್ದಾಣದ ದ್ವಾರವನ್ನು ಸಮೀಪಿಸುತ್ತಿದ್ದಾಗ ನನಗೆ ನೆನಪಾದುದು ಇಸ್ರೋ ಸಂಸ್ಥೆಯ ಸ್ಪೇಡೆಕ್ಸ್ ಪ್ರಯೋಗ. ತಲಾ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳು 2024ರ ಡಿಸೆಂಬರ್ 30ರಂದು ಒಂದೇ ರಾಕೆಟ್ಟಿನಲ್ಲಿ ಮೇಲೇರಿ, ಭೂಮಿಯಿಂದ 475 ಕಿಲೋಮೀಟರ್ ಎತ್ತರದಲ್ಲಿ ಒಂದನ್ನೊಂದು ಅರಸುತ್ತ ಬಂದವು. ಜನವರಿ 12ರ ಪ್ರಯತ್ನದಲ್ಲಿ 15 ಮೀಟರಿಗೂ ಆಮೇಲೆ 3 ಮೀಟರಿಗೂ ಸಮೀಪಿಸಿದ ನೌಕೆಗಳನ್ನು ಬೆಸೆಯದೆ ಸುರಕ್ಷಿತ ದೂರಕ್ಕೆ ಹಿಂದೆಗೆದುಕೊಂಡು, ಲೆಕ್ಕಗಳನ್ನು ಪರಿಶೀಲಿಸಿ, 2025ರ ಜನವರಿ 16ರಂದು ಬೆಸೆದರು. ಅಲ್ಲಿ ಹಿಡಿ ಹಿಡಿದ ಕೈಯಿರಲಿಲ್ಲ. ನೌಕೆಗಳೇ ಅಳೆದು ತೂಗಿ ಸಮೀಪಿಸಿದವು, ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಕಾಯುತ್ತಿದ್ದರು. ಮೂರು ಮೀಟರಿನವರೆಗೆ ಹೋಗಿ ಹಿಂದಿರುಗಿದ ಆ ಸಂಯಮವನ್ನು ಪತ್ರಿಕೆಯಲ್ಲಿ ಓದಿದಾಗ ನಾನು ಅರ್ಧವನ್ನೇ ಗ್ರಹಿಸಿದ್ದೆನು. ಹುಡುಗನು ದ್ವಾರದ ಮುಂದೆ ನೌಕೆಯನ್ನು ನಿಲ್ಲಿಸಿ, ತಿರುಗುತ್ತಿದ್ದ ನಿಲ್ದಾಣದ ಲಯಕ್ಕೆ ದಂಡವನ್ನು ಎಳ್ಳಷ್ಟೇ ಬಾಗಿಸಿ ಹೊಂದಿಸಿಕೊಂಡು, ಸಮಾಧಾನವಾಗದೆ ಹಿಂದಕ್ಕೆ ಸರಿದು, ಮತ್ತೊಮ್ಮೆ ಆರಂಭಿಸಿದಾಗ ಉಳಿದರ್ಧವೂ ತಿಳಿಯಿತು. ಎರಡನೆಯ ಸಲ ನೌಕೆಯು ಎಲ್ಲಿಯೂ ತಾಗದೆ ಒಳಸೇರಿ ಪೀಠದ ಮೇಲೆ ಕುಳಿತಿತು.

ಇಷ್ಟು ಶ್ರಮದಿಂದ ಹೊಂದಿಸಿದುದನ್ನು ಕಾಪಾಡಿಕೊಳ್ಳುವ ಎಚ್ಚರವೂ ಬೇಕು. ಯಾವ ಗುಂಡಿಗೆ ಯಾವ ಕಾರ್ಯವೆಂಬ ವಿವರವನ್ನು ಆಟವು ಒಂದು ಕಡತದಲ್ಲಿ ಬರೆದಿಡುತ್ತದೆ. ಯಂತ್ರದ ತಂತಿಯನ್ನು ಸಿಕ್ಕಿಸದೆ ಆಟವನ್ನು ತೆರೆದರೂ, ಬೇರೆ ರಂಧ್ರಕ್ಕೆ ಸಿಕ್ಕಿಸಿದರೂ ಒಮ್ಮೊಮ್ಮೆ ಆ ಸಂಬಂಧ ಕಡಿದುಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಎಷ್ಟು ಹೊತ್ತಿಗೆ ಹೋದೀತೆಂದು ಹೇಳಬರುವುದಿಲ್ಲವಾದುದರಿಂದ, ಆ ಕಡತದ ಪ್ರತಿಯನ್ನು ತೆಗೆದು ಬೇರೆಡೆ ಇರಿಸಿದೆವು. ಡೆಡ್ ಝೋನಿನ ಅಳತೆಗಳನ್ನು ನಾನು ನನ್ನ ದಿನಚರಿಯಲ್ಲಿಯೂ ಬರೆದುಕೊಂಡೆನು. ಹುಡುಗನು ಊರಿಗೆ ಹೊರಡುವ ಮುಂಚೆ ಸ್ಟಿಕ್ಕಿನ ತಂತಿಗೆ ಕೆಂಪು ದಾರವನ್ನೂ ಥ್ರಾಟಲಿನದಕ್ಕೆ ಬಿಳಿಯ ದಾರವನ್ನೂ ಕಟ್ಟಿ, ಗಣಕದ ಬೆನ್ನಿನ ರಂಧ್ರಗಳ ಪಕ್ಕದಲ್ಲಿ ಅವೇ ಬಣ್ಣಗಳ ಚುಕ್ಕೆಗಳನ್ನಿಟ್ಟು, ಯಂತ್ರಗಳೆರಡನ್ನೂ ದೀಪಾವಳಿಯವರೆಗೆ ನನ್ನ ಮೇಜಿನ ಬಳಿಯೇ ಬಿಟ್ಟು ಹೋದನು.