ಸೂಪರ್‌ಹೀರೋಗೆ ಮದುವೆ ಬೇಕಾ, ಬೇಡ್ವಾ?



ಕಳ್ಳರನ್ನು, ದುಷ್ಟರನ್ನು ಹೊಡೆಯುವ ಕಾಮಿಕ್ಸ್ ಹೀರೋ ಮದುವೆ ಮಾಡ್ಕೋಬಹುದಾ? ಮಾಡ್ಕೊಂಡ್ರೆ ಆ ಮದುವೆ ಕೊನೆವರೆಗೂ ಉಳಿಯಬೇಕಾ? ಈ ವಿಷಯವನ್ನು ನನಗೆ ತಿಳಿದಷ್ಟು ವಿವರಿಸುತ್ತೇನೆ.

ಮೊದಲು ಫ್ಯಾಂಟಮ್ ಕಥೆ ನೋಡೋಣ. ಇವನನ್ನು ಸೃಷ್ಟಿಸಿದವರು ಅಮೆರಿಕದ ಲೀ ಫಾಕ್, 1936ರಲ್ಲಿ. ನಮ್ಮ ದೇಶದಲ್ಲಿ 1964ರಿಂದ 1990ರವರೆಗೆ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಇವನ ಕಥೆ ಬರುತ್ತಿತ್ತು. ಅದನ್ನು ಶುರು ಮಾಡಲು ದುಡಿದವರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಒಬ್ಬರು. ಆಮೇಲೆ 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದವರೂ ಅವರೇ.

ಫ್ಯಾಂಟಮ್‌ಗೆ ಸಾವೇ ಇಲ್ಲ ಅಂತ ಕಾಡಿನ ಜನ ನಂಬುತ್ತಾರೆ. ಗುಟ್ಟು ಏನಂದ್ರೆ, ಅಪ್ಪ ಸತ್ತ ಮೇಲೆ ಮಗ ಅದೇ ಮುಖವಾಡ ಹಾಕ್ಕೊಳ್ತಾನೆ. ಈಗಿನವನು 21ನೆಯವನು. ಮದುವೆ ಇಲ್ಲ ಅಂದ್ರೆ ಮಗ ಇಲ್ಲ, ಮಗ ಇಲ್ಲ ಅಂದ್ರೆ ಮುಂದಿನ ಫ್ಯಾಂಟಮ್ ಇಲ್ಲ. ಆದರೂ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವ ಡಯಾನಾ ಇವನಿಗಾಗಿ 41 ವರ್ಷ ಕಾಯಬೇಕಾಯ್ತು! ಮದುವೆ ಆಗಿದ್ದು 1977ರಲ್ಲಿ. 1979ರಲ್ಲಿ ಕಿಟ್, ಹೆಲೋಯಿಸ್ ಅಂತ ಅವಳಿ ಮಕ್ಕಳು ಹುಟ್ಟಿದರು. ಅದಾದ ಮೇಲೂ ಕಥೆ ನಿಲ್ಲಲಿಲ್ಲ. 1938ರಲ್ಲಿ ಬಂದ ಸೂಪರ್‌ಮ್ಯಾನ್ ಕೂಡ 1996ರಲ್ಲಿ ಲೋಯಿಸ್‌ಳನ್ನು ಮದುವೆಯಾದ.

ಸ್ಪೈಡರ್‌ಮ್ಯಾನ್ ಕಥೆ ಬೇರೆ. ಪೀಟರ್ ಮತ್ತು ಮೇರಿ ಜೇನ್ 1987ರಲ್ಲಿ ಮದುವೆಯಾದರು. 2007ರಲ್ಲಿ ಶುರುವಾದ ಒಂದು ಕಥೆಯಲ್ಲಿ ಪೀಟರ್‌ನ ದೊಡ್ಡಮ್ಮ ಮೇ ಗುಂಡೇಟು ತಿಂದು ಸಾಯುವ ಸ್ಥಿತಿಗೆ ಬರುತ್ತಾಳೆ. ಸೈತಾನನಂಥವನೊಬ್ಬ ಬಂದು, ಅವಳನ್ನು ಉಳಿಸ್ತೀನಿ, ಬದಲಿಗೆ ನಿಮ್ಮ ಮದುವೆ ಕೊಡಿ ಅಂತಾನೆ. ಇಬ್ಬರೂ ಒಪ್ಪುತ್ತಾರೆ. ಮದುವೆ ಆಗಿಯೇ ಇರಲಿಲ್ಲ ಅನ್ನುವಂತೆ ಅಳಿಸಿ ಹೋಗುತ್ತೆ. ಮದುವೆಯಾದ ಹೀರೋ ವಯಸ್ಸಾದವನ ಹಾಗೆ ಕಾಣ್ತಾನೆ ಅನ್ನೋದು ಆಗಿನ ಸಂಪಾದಕರ ವಾದ. ಇದರಿಂದ ತುಂಬಾ ಓದುಗರಿಗೆ ಕೋಪ ಬಂತು.

ಮದುವೆ ಬೇಡ ಅನ್ನುವವರು ಎರಡು ಕಾರಣ ಹೇಳ್ತಾರೆ.

1. ವೈರಿಗಳು ಹೆಂಡತಿ ಮಕ್ಕಳನ್ನು ಹಿಡಿದುಕೊಂಡು ಹೆದರಿಸ್ತಾರೆ.
ಇದು ನಿಜವೇ. ಆದರೆ ನಮ್ಮ ಹಲಸೂರು ಕೆರೆ ಹತ್ತಿರ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೈನಿಕರ ಕೇಂದ್ರ ಇದೆ. ಸೈನಿಕರಿಗೂ ಅಪಾಯ ಇದೆ, ಆದರೂ ಅವರಿಗೆ ಸಂಸಾರ ಇರುತ್ತೆ. ಮನೆಯಲ್ಲಿ ಕಾಯುವವರಿಗೂ ಧೈರ್ಯ ಬೇಕು. ಅವರ ಧೈರ್ಯವನ್ನೂ ಕಥೆಯಲ್ಲಿ ಬರೆಯಬಹುದಲ್ವಾ?

2. ಮದುವೆಯಾದ್ರೆ ಕಥೆ ಸಪ್ಪೆಯಾಗುತ್ತೆ.
ರಾಮನಿಗೆ ಮದುವೆಯಾದ ಮೇಲೇ ತಾನೆ ರಾಮಾಯಣದ ದೊಡ್ಡ ಕಥೆ ನಡೆಯೋದು? ಭೀಮನಿಗೂ ಮದುವೆಯಾಗಿತ್ತು. ಅವನ ಗದೆಯ ಬಲವೇನೂ ಕಮ್ಮಿ ಆಗಲಿಲ್ಲ.

ಹಾಗಂತ ಎಲ್ಲರೂ ಮದುವೆ ಆಗಲೇಬೇಕು ಅಂತಲ್ಲ. ಹನುಮಂತ ಬ್ರಹ್ಮಚಾರಿ, ಅವನನ್ನು ಯಾರೂ ಕಮ್ಮಿ ಅನ್ನಲ್ಲ. ಗಂಡ ಹೆಂಡತಿ ಜಗಳವಾಡಿದರೂ ಬೇರೆಯಾದರೂ ಅದೂ ಒಂದು ಕಥೆಯೇ. ಆದರೆ ನಡೆದದ್ದನ್ನು ನಡೆದೇ ಇಲ್ಲ ಅನ್ನೋದು ಸರಿಯಲ್ಲ. 20 ವರ್ಷ ನಂಬಿ ಓದಿದವರಿಗೆ ಅದು ಮೋಸ. ಕೊಟ್ಟ ಮಾತು ಉಳಿಸಿಕೊಳ್ಳುವವನನ್ನೇ ಅಲ್ವಾ ನಾವು ಹೀರೋ ಅನ್ನೋದು? ಮದುವೆಯೂ ಒಂದು ಮಾತೇ.

ನಿಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಇದರ ಕೆಳಗೆ ಅಂಟಿಸಿ.

– 7ನೇ ತರಗತಿ, ಹೊಸ ತಿಪ್ಪಸಂದ್ರ