ಗಣಕದ ಸ್ಮೃತಿಯಲ್ಲಿ ದೊಡ್ಡ ಪುಟಗಳು

‘ಭೂಮಿ’ ಯೋಜನೆಯು 2000ರ ದಶಕದ ಆರಂಭದಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಅಸೂಟಿಯ ಹೊಲಗಳ ಲೆಕ್ಕವೂ ಅದರಲ್ಲಿದೆ. ಇಂತಹ ದೊಡ್ಡ ಡೇಟಾಬೇಸ್‌ಗಳನ್ನು ನಡೆಸುವ ಸರ್ವರ್ ತನ್ನ ಸ್ಮೃತಿಯನ್ನು ಸಾಮಾನ್ಯವಾಗಿ 4 ಕಿಲೋಬೈಟಿನ ಪುಟಗಳಾಗಿ ವಿಂಗಡಿಸುತ್ತದೆ. 8 ಗಿಗಾಬೈಟ್ ಸ್ಮೃತಿಗೆ ಸುಮಾರು 21 ಲಕ್ಷ ಪುಟಗಳು! ಪುಟವೊಂದಕ್ಕೆ 8 ಬೈಟಿನ ನಮೂದಾದರೆ ಪಟ್ಟಿಯೇ 16 ಮೆಗಾಬೈಟ್. ಏಕಕಾಲಕ್ಕೆ 100 ಕಾರ್ಯಗಳು ನಡೆದು, ಪ್ರತಿಯೊಂದೂ ತನ್ನದೇ ಪಟ್ಟಿ ಇಟ್ಟುಕೊಂಡರೆ 1,600 ಮೆಗಾಬೈಟ್ ವ್ಯಯ. ಹೊಲವನ್ನು ತುಂಡು ಮಾಡಿದಷ್ಟೂ ಬದುಗಳಿಗೇ ಜಾಗ ಹೋಗುವಂತೆ!

ಪುಟವನ್ನು 2 ಮೆಗಾಬೈಟಿಗೆ ಹಿಗ್ಗಿಸಿದರೆ 4,096 ಪುಟಗಳೇ ಸಾಕು, ಹುಡುಕಾಟವೂ ಚುರುಕು. ಲಿನಕ್ಸ್ ವ್ಯವಸ್ಥೆಯಲ್ಲಿ ಇವನ್ನು ಮೊದಲೇ ಕಾಯ್ದಿರಿಸಬಹುದು. ಹೆಚ್ಚು ಕಾಯ್ದಿರಿಸಿದರೆ ಆ ಜಾಗ ಇತರ ಕೆಲಸಗಳಿಗೆ ಸಿಗದು; ಕಡಿಮೆಯಾದರೆ ಡೇಟಾಬೇಸ್‌ಗೆ ಸಾಲದು. ಆದ್ದರಿಂದ ಡೇಟಾಬೇಸ್‌ಗೆ ಬೇಕಾದಷ್ಟನ್ನೇ ಅಳೆದು ಕೊಡಬೇಕು.