ಮನೆಯವರೆಲ್ಲ ಕೂಡಿ ಓದುವ ಪುಸ್ತಕಗಳು

ಅನ್ನದಾಸೋಹಕ್ಕೆ ನಮ್ಮ ಮನೆಗಳು ಎಂದೂ ಹಿಂದೆಗೆದಿಲ್ಲ. ಬಂದವರಿಗೆ ಪ್ರಸಾದ ನೀಡದೆ ಕಳುಹಿಸದ ತಾಯಂದಿರು, ಮಠದ ಜಾತ್ರೆಗೆ ಅಕ್ಕಿ-ಬೇಳೆ ಮುಟ್ಟಿಸುವ ಹಿರಿಯರು ಇಂದಿಗೂ ನಮ್ಮಲ್ಲಿದ್ದಾರೆ. ಜ್ಞಾನದಾಸೋಹದ ಮಾತು ಬಂದಾಗ ಮಾತ್ರ ನಾವು ಅದನ್ನು ಮಠಕ್ಕೂ ಶಾಲೆಗೂ ಒಪ್ಪಿಸಿ ಸುಮ್ಮನಾಗುತ್ತೇವೆ. ಮದುವೆಯಲ್ಲಿಯೋ ಗೃಹಪ್ರವೇಶದಲ್ಲಿಯೋ ಕಾಣಿಕೆಯಾಗಿ ಬಂದ ವಚನಗ್ರಂಥವು ದೇವರ ಕೋಣೆಯಲ್ಲಿ ವಿಭೂತಿ ಧರಿಸಿ ಕುಳಿತಿರುತ್ತದೆ. ಅದರ ಪುಟ ತೆರೆಯುವವರಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದು. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮೊಮ್ಮಗ ಕನ್ನಡದ ಒತ್ತಕ್ಷರ ಕಂಡೊಡನೆ ತಡವರಿಸುತ್ತಾನೆ. ಒಂದೇ ಸೂರಿನಡಿ ಬಾಳುವ ಈ ಇಬ್ಬರೂ ಕೂಡಿ ಓದುವ ಒಂದು ಪುಟವೂ ಇಲ್ಲವಾದರೆ, ಇನ್ನು ಕೆಲವು ವರ್ಷಗಳಲ್ಲಿ ಅವರು ಕೂಡಿ ಆಡುವ ಮಾತೂ ಉಳಿಯದು.

ಆದುದರಿಂದ ವಯಸ್ಸಿಗೊಂದು ಪಟ್ಟಿ ಮಾಡಿಕೊಡುವುದಕ್ಕಿಂತ, ಎರಡು ತಲೆಮಾರಿನವರು ಜೊತೆಯಾಗಿ ಓದಬಲ್ಲ ಕೆಲವು ಪುಸ್ತಕಗಳನ್ನು ಸೂಚಿಸುವುದು ಲೇಸೆಂದು ನಾವು ಭಾವಿಸಿದ್ದೇವೆ.

ಕಿವಿಯಿಂದ ಕಲಿಯುವ ಮಕ್ಕಳಿಗೆ

ಅಕ್ಷರ ಬರುವ ಮುನ್ನವೇ ಮಗುವಿಗೆ ಭಾಷೆ ಬರುತ್ತದೆ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡಿದರೆ ಸಾಕು, ಮೂರು ವರ್ಷದ ಕೂಸು ನಾಲ್ಕು ದಿನದಲ್ಲಿ ಅದನ್ನು ತಿರುಗಿ ಒಪ್ಪಿಸುತ್ತದೆ. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಕವನವನ್ನು ಆಧರಿಸಿ ಕುವೆಂಪು ಅವರು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಗಟ್ಟಿಯಾಗಿ ಓದಲೆಂದೇ ಹುಟ್ಟಿದ ಕಥನಕವನ. ಕೊಟ್ಟ ಮಾತಿಗೆ ತಪ್ಪಿದ ಊರು ಏನನ್ನು ಕಳೆದುಕೊಂಡಿತೆಂಬುದನ್ನು ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ; ಅದಕ್ಕೇ ತಿಳಿಯುತ್ತದೆ.

ಸರ್ವಜ್ಞನ ತ್ರಿಪದಿಗಳು ಅಜ್ಜ-ಅಜ್ಜಿಯರಿಗೆ ಬಾಯಿಪಾಠವಾಗಿರುತ್ತವೆ. ಚದುರಿಹೋಗಿದ್ದ ಅವುಗಳನ್ನು ಶ್ರಮಪಟ್ಟು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಕ್ರೈಸ್ತ ಧರ್ಮಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು. ಸದ್ಗ್ರಂಥಕ್ಕೆ ಜಾತಿಮತಗಳ ಎಲ್ಲೆಯಿಲ್ಲವೆಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಹತ್ತು ದಾಟಿದವರಿಗೆ

ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿ. ಮಹಾತ್ಮರು ಹುಟ್ಟುವಾಗಲೇ ಮಹಾತ್ಮರಾಗಿರುವುದಿಲ್ಲವೆಂಬ ಧೈರ್ಯವನ್ನು ಅದು ಮಕ್ಕಳಿಗೆ ಕೊಡುತ್ತದೆ. ಹದಿಹರೆಯದವರ ಕೈಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು (1980) ಕೊಡಬೇಕು. ಹಾರುವ ಓತಿಯ ಬೆನ್ನು ಹತ್ತಿ ಪಶ್ಚಿಮಘಟ್ಟದ ಕಾಡು ಹೊಗುವ ಆ ಕಥೆಯಲ್ಲಿ, ವಿದ್ವಾಂಸನಾದ ವಿಜ್ಞಾನಿಗೆ ಹಳ್ಳಿಯ ಮಂದಣ್ಣನ ಅರಿವೂ ಬೇಕಾಗುತ್ತದೆ. ಅಂಕಗಳೇ ಬುದ್ಧಿಯ ಅಳತೆಯೆಂದು ನಂಬಿರುವ ತಂದೆತಾಯಿಗಳೂ ಮಕ್ಕಳೊಡನೆ ಇದನ್ನು ಓದುವುದು ಒಳ್ಳೆಯದು.

ಗೃಹಸ್ಥರಿಗೆ, ಗೃಹಿಣಿಯರಿಗೆ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಓದಿಸಿ ಪಟ್ಟಣಕ್ಕೆ ಕಳುಹಿಸಿದ ಮಗ ಏನಾದ, ಮನೆಯ ಭಾರ ಹೊತ್ತ ಹೆಂಗಸರು ಏನು ಸಹಿಸಿದರು ಎಂಬುದನ್ನು ಓದುವಾಗ, ಬೆಂಗಳೂರಿಗೋ ಹೊರದೇಶಕ್ಕೋ ಮಕ್ಕಳನ್ನು ಕಳುಹಿಸಿ ಹಾದಿ ಕಾಯುವ ಇಂದಿನ ಹಿರಿಯರಿಗೆ ತಮ್ಮದೇ ಮನೆಯ ಕಥೆ ಕೇಳಿದಂತಾಗುತ್ತದೆ. ಅವರದೇ ‘ಮೂಕಜ್ಜಿಯ ಕನಸುಗಳು’ (1968) 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕೃತಿ. ಅಜ್ಜಿಯೂ ಮೊಮ್ಮಗನೂ ದೇವರು, ಧರ್ಮ, ಸಂಸಾರಗಳ ಕುರಿತು ಮುಚ್ಚುಮರೆಯಿಲ್ಲದೆ ಮಾತನಾಡುವುದೇ ಅದರ ಜೀವಾಳ. ಅಂತಹ ಮಾತುಕತೆ ನಮ್ಮ ಮನೆಗಳಲ್ಲಿ ಎಷ್ಟು ನಡೆಯುತ್ತದೆಯೆಂದು ನಾವೇ ಕೇಳಿಕೊಳ್ಳಬೇಕು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬಳ ದೀರ್ಘ ಬಾಳನ್ನು ಹೇಳುತ್ತದೆ. ತಾಯಿಯೂ ಬೆಳೆದ ಮಗಳೂ ಸರದಿಯ ಮೇಲೆ ಓದಿ, ಅತ್ತೆ-ಮುತ್ತಜ್ಜಿಯರು ಕಂಡ ಕಾಲವನ್ನು ನೆನೆಯಲು ಇದು ತಕ್ಕ ಪುಸ್ತಕ.

ಹೊಸ ಬರಹ

ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಹೊಟ್ಟು ಎಂಬ ಭಾವನೆ ಸಲ್ಲದು. ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’ (2019) ಪೋರ್ಚುಗಲ್ಲಿನ ಲಿಸ್ಬನ್ ಮತ್ತು ವಿಜಯನಗರಗಳನ್ನು ಒಂದೇ ಕಥೆಯಲ್ಲಿ ಹೆಣೆಯುತ್ತದೆ. ಹಂಪಿಯ ಪ್ರವಾಸಕ್ಕೆ ಹೋಗುವ ಮುನ್ನ ಇದನ್ನು ಓದಿದವರಿಗೆ ಅಲ್ಲಿಯ ಕಲ್ಲುಗಳು ಬೇರೆಯೇ ಆಗಿ ಕಾಣುತ್ತವೆ. ಬಾನು ಮುಷ್ತಾಕ್ ಅವರ ಆಯ್ದ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡ ಓದಲು ಬಾರದ ಮಕ್ಕಳು ಇಂಗ್ಲಿಷಿನಲ್ಲಿಯೂ ಹಿರಿಯರು ಮೂಲದಲ್ಲಿಯೂ ಒಂದೇ ಕಥೆಯನ್ನು ಓದಿ ಚರ್ಚಿಸಬಹುದು. ಕನ್ನಡಕ್ಕೆ ಮರಳಲು ಅದೂ ಒಂದು ಹಾದಿಯೇ.

ನಿತ್ಯದ ಓದು

ಇನ್ನು ವಚನಗಳು. ತಾಡಪತ್ರಿಗಳಲ್ಲಿ ಹುದುಗಿ ಹುಳ ತಿನ್ನುತ್ತಿದ್ದ ಈ ಸಂಪತ್ತನ್ನು ಹುಡುಕಿ ತಂದವರು ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂದಿತು. ವಚನಗಳ ಮುದ್ರಣಕ್ಕಾಗಿಯೇ ಅವರು ಸ್ವಂತ ಮನೆಯನ್ನು ಮಾರಿ ಮುದ್ರಣಾಲಯ ತೆರೆದರು. ಪುಸ್ತಕಕ್ಕಾಗಿ ಮನೆಯನ್ನೇ ಕೊಟ್ಟವರ ಪರಂಪರೆಗೆ ಸೇರಿದ ನಾವು, ಮನೆಯಲ್ಲಿ ಪುಸ್ತಕಕ್ಕೊಂದು ಕಪಾಟನ್ನಾದರೂ ಕೊಡಬಾರದೆ?

ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅಷ್ಟೂ ಸಂಪುಟಗಳು ಎಲ್ಲ ಮನೆಗೂ ಬೇಕೆಂದಲ್ಲ. ಸರಳ ಅರ್ಥವಿರುವ ಒಂದು ಸಂಕಲನ ಸಾಕು. ಇಷ್ಟಲಿಂಗ ಪೂಜೆಯ ಬಳಿಕ ದಿನಕ್ಕೊಂದು ವಚನವನ್ನು ಮನೆಯ ಅತಿ ಚಿಕ್ಕ ಓದುಗನಿಂದಲೇ ಓದಿಸಬೇಕು. ತಪ್ಪಿದಲ್ಲಿ ನಗದೆ ತಿದ್ದಬೇಕು. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕರ ವಚನಗಳನ್ನು ಹೆಣ್ಣುಮಕ್ಕಳು ತಪ್ಪದೆ ಅರಿಯಬೇಕು. ಹರಿಹರನ ರಗಳೆಗಳನ್ನೂ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನೂ ಮೊದಲು ಗದ್ಯಾನುವಾದದಲ್ಲಿ ಓದಿ, ಬಳಿಕ ಬಲ್ಲವರಿಂದ ಗಮಕದಲ್ಲಿ ಕೇಳುವುದು ಸುಲಭ.

ಪುಸ್ತಕಗಳನ್ನು ಕೊಳ್ಳಲಾಗದೆಂಬ ಚಿಂತೆ ಬೇಡ. ನಗರಗಳಲ್ಲಿ ಆಸ್ತಿ ತೆರಿಗೆಯೊಡನೆ ನಾವು ಗ್ರಂಥಾಲಯ ಕರವನ್ನೂ ತೆರುತ್ತೇವೆ. ಸಾರ್ವಜನಿಕ ಗ್ರಂಥಾಲಯ ನಮ್ಮ ಹಣದಿಂದಲೇ ನಡೆಯುವ ನಮ್ಮದೇ ಕಪಾಟು. ತೊಟ್ಟಿಲ ಶಾಸ್ತ್ರಕ್ಕೆ, ಮದುವೆಗೆ ಮುಯ್ಯಿ ಮಾಡುವಾಗ ಸ್ಟೀಲಿನ ಪಾತ್ರೆಯೊಡನೆ ಒಂದು ಪುಸ್ತಕವೂ ಇರಲಿ. ರಾತ್ರಿ ಊಟದ ನಂತರ ಕಾಲು ಗಂಟೆ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿರಿಸಿ, ಒಬ್ಬರು ಓದಿ ಉಳಿದವರು ಕೇಳಲಿ. ಕಣ್ಣು ಮಂಜಾದ ಅಜ್ಜನಿಗೆ ಮೊಮ್ಮಗಳು ಓದಿ ಹೇಳುವ ಕನ್ನಡದ ಒಂದು ಪುಟ, ಆ ಇಬ್ಬರಿಗೂ ಸಲ್ಲುವ ದಾಸೋಹವೇ ಸರಿ.